ಜನವಿಲ್ಲದ ಗೇಟು

ಫೆಬ್ರವರಿ 11

ಕಡ್ಡಿಗೆ,

ಫೋನು ಮಾಡಲಿಲ್ಲವೆಂದು ಬೇಸರಿಸಬೇಡ. ಅಲ್ಲಿ ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕಿನ ಮೇಲೆ ಹತ್ತಬೇಕು ಎಂದು ನೀನೇ ಒಮ್ಮೆ ಹೇಳಿದ್ದೆ. ಟ್ಯಾಂಕಿನ ಮೇಲೆ ನಿಂತವನ ಜೊತೆ ಜಗಳವಾಡಲು ನನಗೆ ಧೈರ್ಯವಿಲ್ಲ. ಕಾಗದವಾದರೆ ಬರೆದದ್ದನ್ನು ಹೊಡೆದುಹಾಕಬಹುದು.

ಅಪ್ಪನನ್ನು ನಿಮ್ಮ ಕಡೆಯ ಎರಡೂ ರಾಷ್ಟ್ರೀಯ ಉದ್ಯಾನಗಳಿಗೆ, ಕೆರೆಗೂ ಬಂಡೆಗೂ, ಕರೆದುಕೊಂಡು ಬರಬೇಕೆಂದಿದ್ದೇನೆ. ಒಂದು ಶನಿವಾರ, ಒಂದು ಭಾನುವಾರ. ಅದಕ್ಕಿಂತ ಹೆಚ್ಚು ರಜೆ ನನಗಿಲ್ಲ. ಹಲ್ಲಿನ ಸೆಟ್‌ಗಳನ್ನು ಸೋಮವಾರಕ್ಕೇ ಕಾಯುವ ಬಾಯಿಗಳು ಬಹಳ ಇವೆ. ಅಪ್ಪ ಮೂವತ್ತೊಂದು ವರ್ಷ ಆ ಮಾರ್ಗದ ಬಸ್ಸಿನಲ್ಲಿ ಕಂಡಕ್ಟರಾಗಿ, ‘ಕೆರೆ ಇಳಿಯೋರು ಇಳೀರಿ, ಬಂಡೆ ಇಳಿಯೋರು ಇಳೀರಿ’ ಎಂದು ಕೂಗಿ ಜನರನ್ನು ಗೇಟಿನವರೆಗೆ ಬಿಟ್ಟವರು. ಗೇಟಿನಲ್ಲಿ ಹನ್ನೆರಡು ನಿಮಿಷ ನಿಂತು ಬಸ್ಸು ವಾಪಸು ತಿರುಗುತ್ತಿತ್ತು. ಒಮ್ಮೆಯೂ ಒಳಗೆ ಕಾಲಿಟ್ಟವರಲ್ಲ. ಈಗ ದಿನಾ ಕೇಳುತ್ತಾರೆ: “ಒಳಗೆ ಹೋದೋರೆಲ್ಲ ನಗ್ತಾ ಬರ್ತಾರಲ್ಲಮ್ಮ, ಏನಿದೆ ಒಳಗೆ?”

ಡಾಕ್ಟರು ಹೇಳುವ ಪ್ರಕಾರ ಇನ್ನು ಆರು ತಿಂಗಳು ಹೆಸರುಗಳು ಉಳಿಯಬಹುದು. ಆಮೇಲೆ ಮುಖಗಳು. ಸದ್ಯ ನನ್ನ ಹೆಸರು ವಾರಕ್ಕೆ ನಾಲ್ಕು ದಿನ ನೆನಪಿರುತ್ತದೆ. ನಿನ್ನದು ಏಳೂ ದಿನ. ಹೊಟ್ಟೆಕಿಚ್ಚು ಪಡುವಷ್ಟು ಶಕ್ತಿ ನನಗೆ ಉಳಿದಿಲ್ಲ.

ತೊಂದರೆ ಒಂದೇ, ಜನ. ನಾಲ್ಕು ಜನ ಒತ್ತಾಗಿ ನಿಂತದ್ದು ಕಂಡರೆ ಸಾಕು, ಅಪ್ಪನ ಕೈ ಹೆಗಲಲ್ಲಿಲ್ಲದ ಟಿಕೆಟ್ ಚೀಲಕ್ಕೆ ಹೋಗುತ್ತದೆ. “ಟಿಕೆಟ್, ಟಿಕೆಟ್, ಮುಂದೆ ಜರುಗಿ.” ಹೋದ ತಿಂಗಳು ಪೇಟೆಯಲ್ಲಿ ಒಬ್ಬ ಹೆಂಗಸಿನ ಮೊಣಕೈ ಹಿಡಿದು ಟಿಕೆಟ್ ಕೇಳಿದರು. ಅವಳ ಗಂಡ ತಳ್ಳಿದ, ಸುತ್ತಲಿದ್ದವರು ನಕ್ಕರು. ತುಟಿ ಒಡೆಯಿತು, ಹಲ್ಲಿನ ಸೆಟ್ ಎರಡಾಯಿತು. ಅದನ್ನು ನಾನೇ ಲ್ಯಾಬಿನಲ್ಲಿ ಕೂಡಿಸಿದೆ.

ನೀನು ಅಲ್ಲಿ ಗೇಟಿನಲ್ಲಿ ಕೂತು ಬಂದವರ ತಲೆ ಎಣಿಸುವವನು. ಯಾವಾಗ ಎಷ್ಟು ಜನ, ಎಲ್ಲಿ ಎಂದು ನಿನಗಿಂತ ಚೆನ್ನಾಗಿ ತಿಳಿದವರಿಲ್ಲ. ಜನ ಸಿಗದ ಹಾಗೆ ಒಂದು ದಾರಿ ಬರೆದು ಕಳಿಸು.

ಅಕ್ಕ


ಫೆಬ್ರವರಿ 19

ಅಕ್ಕನಿಗೆ,

ಟಪಾಲು ವ್ಯಾನು ಇಲ್ಲಿಗೆ ವಾರಕ್ಕೆ ಎರಡೇ ಬಾರಿ ಬರುತ್ತದೆ. ತಡವಾಯಿತು.

ಜನಕ್ಕೊಂದು ಸ್ವಭಾವವಿದೆ, ಅದು ನೀರಿಗಿಂತ ಸುಲಭವಾಗಿ ಅರ್ಥವಾಗುತ್ತದೆ. ಶನಿವಾರ ಎಲ್ಲರೂ ಮೊದಲು ಸಿಗುವ ಕೆರೆಗೆ ಹೋಗುತ್ತಾರೆ. ಎಳ್ಳು ಹಾಕಿದರೆ ಕೆಳಗೆ ಬೀಳುವುದಿಲ್ಲ. ರಾತ್ರಿ ಕೂಡುರಸ್ತೆಯ ವಸತಿಗೃಹಗಳಲ್ಲಿ ಉಳಿದು ಭಾನುವಾರ ಬಂಡೆಗೆ ಹೋಗುತ್ತಾರೆ. ಇಪ್ಪತ್ತು ವರ್ಷದ ಅಂಕಿಗಳು ಇದನ್ನೇ ಹೇಳುತ್ತವೆ. ನೀನು ಉಲ್ಟಾ ಮಾಡು. ಶನಿವಾರ ಬಂಡೆ, ಭಾನುವಾರ ಕೆರೆ.

ಬಂಡೆಯ ಗೇಟು ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಆರೂವರೆಗೆ ಒಳಗಿರು. ಹತ್ತಕ್ಕೆ ಸರಿಯಾಗಿ ಹೊರಗೆ ಬಾ. ಹತ್ತೂಕಾಲಿಗೆ ಪ್ರವಾಸದ ಬಸ್ಸುಗಳು ಬರುತ್ತವೆ. ಭಾನುವಾರ ಕೆರೆಗೆ ಮುಖ್ಯ ಗೇಟಿನಿಂದ ಬರಬೇಡ. ಉತ್ತರಕ್ಕೆ ಹಿಂದಿನ ಗೇಟು ಇದೆ, ಬೋರ್ಡು ಸಣ್ಣದು. ಅಲ್ಲಿ ಕಾವಲುಗಾರ ಒಬ್ಬ, ಕಲ್ಲುಬೆಂಚು ಎರಡು, ನೀರು. ದಿನಕ್ಕೆ ಐದಾರು ಜನ ಬಂದರೆ ಹೆಚ್ಚು. ಕೆಲವು ದಿನ ಕಾವಲುಗಾರನೂ ಇರುವುದಿಲ್ಲವೆಂದು ದೂರು ಬಂದಿದೆ.

ನಾನು ಈಗ ಗೇಟಿನಲ್ಲಿಲ್ಲ. ಕಚೇರಿಯಲ್ಲಿ ಕೂತು ಬೇರೆಯವರು ಎಣಿಸಿದ್ದನ್ನು ಕೂಡಿಸುತ್ತೇನೆ. ಬಡ್ತಿ ಎಂದೇ ಹೇಳುತ್ತಾರೆ.

ಕಡ್ಡಿ


ಮಾರ್ಚ್ 2

ಕಡ್ಡಿಗೆ,

ನಿನ್ನ ವೇಳಾಪಟ್ಟಿಯನ್ನು ಅಪ್ಪನಿಗೆ ಓದಿದೆ. ಕಣ್ಣು ಮುಚ್ಚಿ ಕೇಳಿದರು.

“ಯಾವ ಡಿಪೋದವನು?” ಅಂದರು.

“ನಿಮ್ಮ ಮಗ ಅಪ್ಪ, ಕಡ್ಡಿ.”

“ಸಮಯ ಚೆನ್ನಾಗಿ ಹಾಕಿದ್ದಾನೆ. ಕಾಲು ಗಂಟೆ ಕೈಯಲ್ಲಿಟ್ಟುಕೊಂಡಿದ್ದಾನೆ. ಹುಷಾರಿನವನು.”

ಇಷ್ಟು ಹೊಗಳಿಕೆ ನಾವಿಬ್ಬರೂ ಶಾಲೆಗೆ ಹೋಗುವಾಗ ಸಿಕ್ಕಿದ್ದರೆ ಏನಾದರೂ ಆಗುತ್ತಿದ್ದೆವೋ ಏನೋ.

ಮಾರ್ಚ್ 22, 23 ಎಂದು ನಿಶ್ಚಯಿಸಿದ್ದೇನೆ. ನಮ್ಮ ಹಲ್ಲಿನ ಡಾಕ್ಟರು ತಮ್ಮ ಹಳೆಯ ಕಾರು ಕೊಡುತ್ತಾರೆ. ಒಂದು ಪ್ರಶ್ನೆ. ಭಾನುವಾರ ಕೆರೆಯಲ್ಲಿ ಜನ ಅರ್ಧಕ್ಕೆ ಇಳಿಯುತ್ತದೆ ಎಂದಾದರೆ ಮುಖ್ಯ ಗೇಟಿನಿಂದಲೇ ಬರಬಹುದಲ್ಲವೇ? ಹಿಂದಿನ ಗೇಟಿಗೆ ಇಪ್ಪತ್ತಾರು ಕಿಲೋಮೀಟರು ಸುತ್ತು. ನೀನು ಎಲ್ಲಿ ಕೂರುತ್ತೀಯ, ಆ ಕಚೇರಿ ಯಾವ ಕಡೆ? ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಕೇಳುತ್ತಿದ್ದೇನೆ ಎಂದುಕೊಳ್ಳಬೇಡ. ನೇರವಾಗಿಯೇ ಕೇಳುತ್ತೇನೆ. ಒಂದು ಗಂಟೆ ಬಂದು ಅಪ್ಪನ ಪಕ್ಕ ಕೂರುತ್ತೀಯಾ? ಮಾತಾಡಬೇಕೆಂದಿಲ್ಲ. ಅವರಿಗೆ ನೀನು ಗೊತ್ತಿರುವಾಗಲೇ ಒಮ್ಮೆ ಬಾ. ನಾನು ಈ ಪ್ರವಾಸ ಹೊರಟಿರುವುದು ಅರ್ಧ ಅದಕ್ಕೇ.

ಅಕ್ಕ


ಮಾರ್ಚ್ 9

ಅಕ್ಕನಿಗೆ,

ಅರ್ಧ ಎಂದರೂ ಒಂದು ಸಾವಿರ ತಲೆ. ಅಪ್ಪನ ಕೈಗೆ ಒಂದು ಸಾವಿರ ಪ್ರಯಾಣಿಕರನ್ನು ಕೊಡುವುದು ಬೇಡ. ಹಿಂದಿನ ಗೇಟಿನಿಂದಲೇ ಬಾ. ನರಪಿಳ್ಳೆ ಇರುವುದಿಲ್ಲ.

ಆ ಎರಡು ದಿನ ನನಗೆ ಕೇಂದ್ರ ಕಚೇರಿಯಲ್ಲಿ ತರಬೇತಿ ಇದೆ. ಎಂಬತ್ತು ಕಿಲೋಮೀಟರು. ಬರಲಾಗುವುದಿಲ್ಲ.

ನೀನು ಕೇಳದೇ ಬಿಟ್ಟದ್ದನ್ನು ನಾನೇ ಹೇಳಿಬಿಡುತ್ತೇನೆ. ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಬರುತ್ತಿಲ್ಲ ಎಂದು ನೀನು ತಿಳಿಯಬಾರದು. ನನಗೆ ಹದಿನಾರು. ಪಾಸ್ ಮನೆಯಲ್ಲಿ ಮರೆತಿದ್ದೆ. ಅಪ್ಪನದೇ ಬಸ್ಸು, ತುಂಬ ಜನ, ನನ್ನ ಇಡೀ ತರಗತಿ. ಅಪ್ಪ ಸೀಟಿ ಊದಿ, “ಮಗ ಆದರೇನು, ಮಾವ ಆದರೇನು, ಇಳಿ” ಎಂದರು. ಎರಡು ನಿಲ್ದಾಣಗಳ ನಡುವೆ ಇಳಿಸಿದರು. ಬಸ್ಸೆಲ್ಲ ನಕ್ಕಿತು. ನಾನು ಹನ್ನೊಂದು ಕಿಲೋಮೀಟರು ನಡೆದೆ. ಆ ದಾರಿಯಲ್ಲಿ ಯಾರೂ ಇರಲಿಲ್ಲ. ಅಷ್ಟು ನೆಮ್ಮದಿ ಅದಕ್ಕೆ ಮುಂಚೆ ನನಗೆ ಗೊತ್ತಿರಲಿಲ್ಲ. ಈ ಕೆಲಸ ಹಿಡಿದದ್ದೂ ಅದಕ್ಕೇ ಇರಬೇಕು. ಹಾಗೆ ನೋಡಿದರೆ ನಾನು ಅವರಿಗೆ ಋಣಿ.

ಕಾರಿನ ಚಕ್ರದ ಗಾಳಿ ನೋಡಿಸಿಕೋ. ಟೋಪಿ ತಾ. ಮಧ್ಯಾಹ್ನ ಬಿಸಿಲು ಕೆಟ್ಟದ್ದು.

ಕಡ್ಡಿ


ಮಾರ್ಚ್ 16

ಕಡ್ಡಿಗೆ,

ಆಯಿತು, ತರಬೇತಿ ತಪ್ಪಿಸುವಂತಿಲ್ಲ. ಆದರೂ ನೀನು ಒಂದೊಂದು ಗಂಟೆಯನ್ನೂ ಲೆಕ್ಕ ಹಾಕಿ, ಅಪ್ಪನನ್ನು ಯಾರೂ ತಳ್ಳದ ಹಾಗೆ ದಾರಿ ಹುಡುಕಿ ಕೊಟ್ಟೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಬರುವುದಕ್ಕಿಂತ ಇದೇ ದೊಡ್ಡದು ಎಂದು ನನಗೆ ನಾನೇ ಹೇಳಿಕೊಂಡೆ. ಅಪ್ಪನಿಗೂ ಹಾಗೆಯೇ ಹೇಳಿದ್ದೇನೆ.

ಬಸ್ಸಿನ ವಿಷಯಕ್ಕೆ ಒಂದು ಮಾತು ಬರೆದು ಹೊಡೆದುಹಾಕಿದ್ದೇನೆ. ಹಿಂದಿನಿಂದ ಹಿಡಿದು ಓದಲು ನೋಡಬೇಡ. ಎರಡು ಸಲ ಗೀಚಿದ್ದೇನೆ.

ಅಕ್ಕ


ಏಪ್ರಿಲ್ 27

ಕಡ್ಡಿಗೆ,

ಅಪ್ಪನ ಕಾರ್ಯವೆಲ್ಲ ಮುಗಿಯುವವರೆಗೂ ನೀನು ಬಾಗಿಲ ಬಳಿಯೇ ನಿಂತಿದ್ದೆ. ಸಂಜೆ ನೋಡಿದರೆ ಇರಲಿಲ್ಲ. ದೊಡ್ಡಮ್ಮ, “ಎಲ್ಲಿ ಹೋದನೇ ನಿನ್ನ ತಮ್ಮ, ನೀರೂ ಕುಡೀಲಿಲ್ಲ” ಅಂದರು. “ಕೆಲಸ ಇತ್ತಂತೆ” ಅಂದೆ. ನಮ್ಮ ಮನೆಯಲ್ಲಿ ಈ ಉತ್ತರಕ್ಕೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ.

ಆ ಭಾನುವಾರ ಕಳೆದು ಐದು ವಾರವಾಯಿತು. ಈಗ ನಾನು ಬರೆಯುವುದನ್ನು ನೀನು ಓದಬೇಕು. ತಪ್ಪು ನಿನ್ನ ವೇಳಾಪಟ್ಟಿಯದಲ್ಲ. ನನ್ನದು.

ಶನಿವಾರ ಬಂಡೆಯ ಮೇಲೆ ನಾವಿಬ್ಬರೇ. ನೀನು ಹೇಳಿದ ಹಾಗೆಯೇ ಇತ್ತು. ಅಪ್ಪ ಒಂದು ಕಡೆ ಕೂತು ಸುತ್ತ ನೋಡಿದರು. “ಇಷ್ಟೇನಾ?” ಅಂದರು. “ಎಲ್ರೂ ಎಲ್ಲಿ?” ಎಂದು ಮೂರು ಸಲ ಕೇಳಿದರು. ಹತ್ತು ಗಂಟೆಗೆ ಇಳಿದು ಬರುವಾಗ ಒಂದು ಬಸ್ಸು ಮೊದಲೇ ಬಂದುಬಿಟ್ಟಿತ್ತು. ಯಾವುದೋ ಕಾರ್ಖಾನೆಯವರು, ನಲವತ್ತು ಜನ, ಮೆಟ್ಟಿಲ ಬುಡದಲ್ಲಿ ಸಾಲು ನಿಂತಿದ್ದರು. ನಾನು ಅಪ್ಪನ ಮಣಿಕಟ್ಟು ಹಿಡಿಯುವುದರೊಳಗೆ ಅವರ ಬೆನ್ನು ನೆಟ್ಟಗಾಯಿತು.

“ಹತ್ತೋರು ಹತ್ರಿ! ಬಾಗಿಲಲ್ಲಿ ನಿಲ್ಬೇಡಿ!”

ಒಬ್ಬ ದಪ್ಪ ಮನುಷ್ಯ ಎರಡು ಬೆರಳು ತೋರಿಸಿದ. “ಕಂಡಕ್ಟ್ರೇ, ಎರಡು ಕೊಡಿ. ಒಂದು ಹೆಂಡ್ತಿಗೆ.”

“ಹೆಂಡ್ತಿ ಎಲ್ರೀ?”

“ಮನೇಲಿ.”

“ಮನೇಲಿರೋರಿಗೆ ಟಿಕೆಟ್ ಯಾಕ್ರೀ? ಪುಣ್ಯವಂತ್ರು ನೀವು, ಕಿಟಕಿ ಪಕ್ಕ ಕೂತ್ಕೊಳ್ಳಿ.”

ನಲವತ್ತು ಜನ ನಕ್ಕರು. ಇನ್ನೊಬ್ಬಳು, “ನಂಗೆ ಅರ್ಧ ಟಿಕೆಟ್, ಇನ್ನೂ ಚಿಕ್ಕೋಳು” ಅಂದಳು. ಐವತ್ತು ದಾಟಿದವಳು. ಅಪ್ಪ ಅವಳನ್ನು ಮೇಲಿನಿಂದ ಕೆಳಗೆ ನೋಡಿ, “ಹಲ್ಲು ತೋರ್ಸು” ಅಂದರು. ಕಡ್ಡಿ, ಅಪ್ಪ ನಗುತ್ತಿದ್ದರು. ಎರಡು ವರ್ಷದಲ್ಲಿ ಅವರ ಬಾಯಿಯ ಒಳಗನ್ನು ದಿನಾ ನೋಡಿದ್ದೇನೆ, ಅವರ ನಗುವನ್ನು ನೋಡಿರಲಿಲ್ಲ. ಅಲ್ಲಿ ಯಾರೂ ಅವರನ್ನು ಗೇಲಿ ಮಾಡುತ್ತಿರಲಿಲ್ಲ. ಈಗ ಅದು ನನಗೆ ಗೊತ್ತು. ಆಗ ನನ್ನ ಕಿವಿಗೆ ಪೇಟೆಯ ನಗುವೇ ಕೇಳಿತು. “ಸಾಕು ಬನ್ನಿ ಅಪ್ಪ” ಎಂದು ಎಳೆದುಕೊಂಡು ಬಂದೆ. ರಾತ್ರಿ ಊಟಕ್ಕೆ ಮಾತ್ರ ಬಾಯಿ ತೆರೆದರು.

ಭಾನುವಾರ ಹಿಂದಿನ ಗೇಟು. ಕಾವಲುಗಾರ ನಮ್ಮನ್ನು ಒಳಗೆ ಬಿಟ್ಟು ಊಟಕ್ಕೆ ಹೋದ. ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿ, ಮಾತ್ರೆ ತರಲು ಕಾರಿಗೆ ಬಂದೆ. ಎಪ್ಪತ್ತು ಹೆಜ್ಜೆ. ಸೀಟಿನ ಮೇಲೆ ಕೂತೆ. ಜನವಿದ್ದ ಕಡೆ ನಾನು ಅವರ ಕೈ ಬಿಟ್ಟವಳೇ ಅಲ್ಲ. ಇಲ್ಲಿ ಯಾರಿದ್ದಾರೆ, ಎಲ್ಲಿಗೆ ಹೋಗುತ್ತಾರೆ ಎಂದುಕೊಂಡೆ. ಕಣ್ಣು ಮುಚ್ಚಿತು. ತೆರೆದಾಗ ಇಪ್ಪತ್ತೈದು ನಿಮಿಷ ಕಳೆದಿತ್ತು. ಬೆಂಚಿನ ಮೇಲೆ ಟೋಪಿ ಇತ್ತು. ಯಾರನ್ನು ಕೇಳುವುದು? ‘ನೀಲಿ ಅಂಗಿ ಹಾಕಿದ ಮುದುಕರನ್ನು ಕಂಡಿರಾ’ ಎಂದು ಕೇಳಲು ಒಬ್ಬನೇ ಒಬ್ಬ ಮನುಷ್ಯ ಇರಲಿಲ್ಲ. ನಾನು ಬೇಡಿದ್ದು ಅದನ್ನೇ ತಾನೆ.

ಕಾವಲುಗಾರ ಊಟ ಮುಗಿಸಿ ಬಂದು ವೈರ್‌ಲೆಸ್ಸಿನಲ್ಲಿ ಸುದ್ದಿ ಕೊಟ್ಟ. ಆಮೇಲೆ ನೀನು ಬಂದೆ. ಎಂಬತ್ತು ಕಿಲೋಮೀಟರು ದೂರದಿಂದ ಅಷ್ಟು ಬೇಗ ಹೇಗೆ ಬಂದೆ ಎಂದು ನಾನು ಕೇಳಲಿಲ್ಲ. ಮೋಟರ್‌ಸೈಕಲ್ಲು ಬೀಳುವ ಹಾಗೆ ನಿಲ್ಲಿಸಿ ಓಡಿಬಂದೆಯಲ್ಲ, ಅದನ್ನು ಸಾಯುವವರೆಗೂ ಮರೆಯುವುದಿಲ್ಲ.

ಹಿಂದಿನ ಕಾಗದದಲ್ಲಿ ಗೀಚಿಹಾಕಿದ ಮಾತು ಇದು. ಒಂದು ವರ್ಷದಿಂದ ಪ್ರತಿ ಸಂಜೆ ಅಪ್ಪ ಕೇಳುತ್ತಿದ್ದರು: “ಆ ಹುಡುಗನ್ನ ನಡುವೆ ಇಳಿಸಿಬಿಟ್ಟೆ. ಮುಂದಿನ ಸ್ಟಾಪಲ್ಲಿ ಹತ್ತಿದ್ನಾ?” ನಾನು, “ಹತ್ತಿದ ಅಪ್ಪ, ಹಿಂದಿನ ಸೀಟಲ್ಲಿ ಕೂತಿದ್ದಾನೆ” ಎನ್ನುತ್ತಿದ್ದೆ. ಆಗ ಮಲಗುತ್ತಿದ್ದರು. ಬರೆದರೆ ನಿನಗೆ ಚುಚ್ಚಿದ ಹಾಗಾಗುತ್ತದೆ ಎಂದು ಬರೆಯಲಿಲ್ಲ.

ಅಕ್ಕ


ಮೇ 20

ಅಕ್ಕನಿಗೆ,

ನಿನ್ನ ಕಾಗದ ಮೂರು ವಾರ ಮೇಜಿನ ಮೇಲಿತ್ತು. ಮೊದಲ ದಿನವೇ ಓದಿದ್ದೆ.

ನನಗೆ ತರಬೇತಿ ಇರಲಿಲ್ಲ. ಬಡ್ತಿಯೂ ಆಗಿಲ್ಲ. ಆ ಭಾನುವಾರ ನಾನು ಕೆರೆಯ ಮುಖ್ಯ ಗೇಟಿನ ಕಿಟಕಿಯಲ್ಲಿ ಕೂತು ತಲೆ ಎಣಿಸುತ್ತಿದ್ದೆ. ನೀವು ಮುಖ್ಯ ಗೇಟಿನಿಂದ ಬಂದರೆ ನನ್ನ ಕಿಟಕಿಯ ಮುಂದೆಯೇ ಬರಬೇಕಿತ್ತು. ಅದಕ್ಕೆ ಹಿಂದಿನ ಗೇಟು ಎಂದೆ. ನಾನು ಅಪ್ಪನನ್ನು ಜನರಿಂದ ತಪ್ಪಿಸುತ್ತಿರಲಿಲ್ಲ, ನನ್ನಿಂದ ತಪ್ಪಿಸುತ್ತಿದ್ದೆ. ನೀನು ಅದನ್ನು ಪ್ರೀತಿ ಎಂದು ಓದಿದೆ. ಓದಲಿ ಎಂದು ಬಿಟ್ಟೆ.

ಒಂದು ಗಂಟೆ ಹತ್ತಕ್ಕೆ ವೈರ್‌ಲೆಸ್ಸಿನಲ್ಲಿ ಸುದ್ದಿ ಬಂತು. ನೀಲಿ ಅಂಗಿ, ವಯಸ್ಸಾದವರು. ಕಿಟಕಿ ಮುಚ್ಚಿ ಹೊರಟೆ. ಉದ್ಯಾನದ ಒಳಗೆ, ಸಿಬ್ಬಂದಿ ಮಾತ್ರ ಓಡಾಡುವ ಡಾಂಬರು ರಸ್ತೆಯಲ್ಲಿ ಹದಿನೈದು ನಿಮಿಷ. ಆ ರಸ್ತೆಗೆ ಸಮಾಂತರವಾಗಿ ಮರಗಳ ಆಚೆ ಒಂದು ಹಳೆಯ ದಾರಿಯಿದೆ, ಮುಚ್ಚಿದ್ದೇವೆ, ಯಾರೂ ನಡೆಯುವುದಿಲ್ಲ. ಅದು ಮುಖ್ಯ ಗೇಟಿನ ಹತ್ತಿರ ಬಂದು ಮುಗಿಯುತ್ತದೆ. ಅವತ್ತು ಗಾಳಿ ನಮ್ಮ ಗೇಟಿನಿಂದ ಉತ್ತರಕ್ಕೆ ಬೀಸುತ್ತಿತ್ತು. ಸಾಲು ನಿಂತವರ ಗದ್ದಲ, ಧ್ವನಿವರ್ಧಕ, ಬಸ್ಸುಗಳ ಹಾರನ್ನು ಎಲ್ಲ ಆ ದಾರಿಯುದ್ದಕ್ಕೂ ಕೇಳಿಸುತ್ತದೆ.

ನಿನಗೆ ನೆನಪಿರಬಹುದು, ಹುಡುಕುವವರ ಮುಖ್ಯಸ್ಥ ನಕ್ಷೆ ಹರವಿಕೊಂಡು ಕೇಳಿದ. “ಮುಖ್ಯ ಗೇಟಿನ ಕಡೆಯಿಂದ ಯಾರಾದ್ರೂ ಬಂದ್ರಾ? ಹಳೇ ದಾರಿ ನೋಡಿದ್ರಾ?” ನೀನು ನನ್ನ ಪಕ್ಕದಲ್ಲಿದ್ದೆ. ನನ್ನ ತೋಳು ಹಿಡಿದುಕೊಂಡಿದ್ದೆ. ‘ನಾನು ಅಲ್ಲಿಂದ ಬಂದೆ, ಹಳೇ ದಾರಿ ನೋಡಿಲ್ಲ’ ಎನ್ನಬೇಕಿತ್ತು. ಎಂದರೆ ನಾನು ಎಲ್ಲಿ ಕೂತಿದ್ದೆ ಎಂದು ನಿನಗೆ ತಿಳಿಯುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಅದನ್ನೂ ಮಾಡಲಿಲ್ಲ. ಅವನ ಕಣ್ಣು ನನ್ನ ಸಮವಸ್ತ್ರದ ಮೇಲೆ ನಿಂತಿತು. ನೋಡಿದ್ದೇನೆ ಎನ್ನುವಂತೆ ತಲೆ ಆಡಿಸಿದೆ. ಅವನು ನಕ್ಷೆಯಲ್ಲಿ ಆ ದಾರಿಯ ಮೇಲೆ ಗೆರೆ ಎಳೆದುಬಿಟ್ಟ. ಎಲ್ಲರೂ ಕೆರೆಯ ದಂಡೆಗೆ ಹೋದರು. ಮುದುಕರು ಅಷ್ಟು ದೂರ ನಡೆಯಲಾರರು ಎಂದರು. ಮೂವತ್ತೊಂದು ವರ್ಷ ಓಡುವ ಬಸ್ಸಿನಲ್ಲಿ ನಿಂತ ಕಾಲುಗಳು ಅವು ಎಂದು ಅವರಿಗೆ ಹೇಗೆ ಗೊತ್ತಾಗಬೇಕು.

ಅಪ್ಪನನ್ನು ಕಾವಲುಗಾರರು ಕಂಡರು ಎಂದು ನಿನಗೆ ಹೇಳಿದ್ದು ಸುಳ್ಳು. ಸೋಮವಾರ ಬೆಳಕು ಹರಿಯುವಾಗ ನಾನೊಬ್ಬನೇ ಹಳೇ ದಾರಿಗೆ ಹೋದೆ. ಜನರ ಸದ್ದು ಹಿಡಿದು ಎಂಟು ಕಿಲೋಮೀಟರು ನಡೆದಿದ್ದರು. ನನ್ನ ಕಿಟಕಿಗೆ ಇನ್ನು ಒಂದೂವರೆ ಉಳಿದಿತ್ತು. ಮರಕ್ಕೆ ಒರಗಿ ಗೇಟಿನ ಕಡೆಗೆ ಮುಖ ಮಾಡಿ ಕೂತಿದ್ದರು. ಬೂಟುಗಳನ್ನು ಬಿಚ್ಚಿ, ಕಾಲುಚೀಲ ಮಡಿಸಿ ಒಳಗಿಟ್ಟು, ಜೋಡಿಸಿ ಪಕ್ಕಕ್ಕೆ ಇಟ್ಟಿದ್ದರು. ಕತ್ತಲಾಗುವವರೆಗೂ ಜೀವ ಇದ್ದಿರಬೇಕು ಎಂದು ಶವಪರೀಕ್ಷೆಯ ಡಾಕ್ಟರು ಬರೆದಿದ್ದಾರೆ. ಆ ಕಾಗದ ನನ್ನ ಹತ್ತಿರವಿದೆ. ನಿನಗೆ ತೋರಿಸಿರಲಿಲ್ಲ.

ಪ್ರತಿ ಸಂಜೆ ಅವರು ಕೇಳುತ್ತಿದ್ದುದನ್ನು ನೀನು ಬರೆದಿದ್ದರೆ ನಾನು ಬರುತ್ತಿದ್ದೆನೆ? ಬರುತ್ತಿದ್ದೆ ಎಂದು ಬರೆದು ಹೊಡೆದುಹಾಕಿದೆ. ಇನ್ನೊಂದು ಸುಳ್ಳು ಬೇಡ. ನನಗೆ ಗೊತ್ತಿಲ್ಲ.

ಇನ್ನು ನೀನು ಬರೆಯಬೇಕಾಗಿಲ್ಲ.

ಕಡ್ಡಿ


ಜೂನ್ 3

ಕಡ್ಡಿಗೆ,

ಓದಿದೆ. ಎರಡು ದಿನ ಮೇಣ ಕೊರೆಯುವಾಗಲೆಲ್ಲ ಕೈ ತಪ್ಪಿತು. ಯಾರದೋ ಮುಂದಿನ ನಾಲ್ಕು ಹಲ್ಲು ಸೊಟ್ಟಗಾದವು. ಡಾಕ್ಟರು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಕತ್ತಲಾಗುವವರೆಗೂ ಎಂದು ಬರೆದಿದ್ದೀಯ. ಆ ಹೊತ್ತಿನಲ್ಲಿ ನಾನು ನಿನ್ನ ತೋಳಿಗೆ ಒರಗಿ ಅಳುತ್ತಿದ್ದೆ. ನೀನು ನನ್ನ ಬೆನ್ನು ಸವರುತ್ತಿದ್ದೆ. ಆ ಕೈಯನ್ನು ಏನು ಮಾಡಲಿ ಎಂದು ತಿಳಿಯುತ್ತಿಲ್ಲ. ಕ್ಷಮಿಸಿದೆ ಎಂದು ಬರೆದರೆ ಅದು ನನ್ನ ಸುಳ್ಳಾಗುತ್ತದೆ. ಬರೆಯಬೇಡ ಎಂದು ನೀನು ಹೇಳಿದರೆ ನಿಲ್ಲಿಸುವವಳೂ ಅಲ್ಲ. ನಾನು ನಿನಗಿಂತ ಆರು ವರ್ಷ ದೊಡ್ಡವಳು.

ಹದಿನೈದನೇ ತಾರೀಕು ಭಾನುವಾರ ಬರುತ್ತೇನೆ. ಒಬ್ಬಳೇ, ಬಸ್ಸಿನಲ್ಲಿ. ಕೆರೆಯ ಮುಖ್ಯ ಗೇಟಿಗೆ, ಹನ್ನೊಂದು ಗಂಟೆಗೆ. ಜನ ಹೆಚ್ಚಿರುವ ಹೊತ್ತು ಅದೇ ಎಂದು ನಿನ್ನ ಮೊದಲ ಕಾಗದದ ಲೆಕ್ಕದಿಂದಲೇ ಊಹಿಸಿದ್ದೇನೆ. ಕಿಟಕಿಯಲ್ಲಿ ನೀನೇ ಇರಬೇಕು. ಮುಖ ನೋಡಬೇಕು. ಅಷ್ಟೇ, ಇನ್ನೇನೂ ಗೊತ್ತಿಲ್ಲ.

ಅಕ್ಕ


ಜೂನ್ 16

ಕಡ್ಡಿಗೆ,

ನಿನ್ನೆ ಬಂದಿದ್ದೆ. ಸಾಲು ಬಸ್‌ ನಿಲ್ದಾಣದವರೆಗೂ ಇತ್ತು. ನನ್ನ ಮುಂದೆ ಒಂದು ಸಂಸಾರ, ಹಿಂದೆ ಇನ್ನೊಂದು. ಎರಡು ಸಂಸಾರದ ಮಕ್ಕಳೂ ನನ್ನ ಸುತ್ತಲೇ ಹಿಡಿಯೋ ಆಟ ಆಡಿದರು. ಐವತ್ತು ನಿಮಿಷ ನಿಂತೆ. ನಿನಗೆ ಹೇಳಬೇಕಾದ್ದನ್ನು ಜೋಡಿಸಿಕೊಳ್ಳುತ್ತಿದ್ದೆ, ಪ್ರತಿ ಹೆಜ್ಜೆಗೂ ಒಂದು ಮಾತು ಉದುರಿಹೋಗುತ್ತಿತ್ತು. ಕಿಟಕಿಗೆ ಬರುವಷ್ಟರಲ್ಲಿ ನಿನ್ನ ಹೆಸರು ಮಾತ್ರ ಉಳಿದಿತ್ತು.

ಕಿಟಕಿಯಲ್ಲಿ ಮೀಸೆಯ ಮನುಷ್ಯ ಇದ್ದ.

“ಅವನು ಎಲ್ಲಿ? ತೆಳ್ಳಗಿರೋನು?” ಎಂದೆ.

“ರಜೆ ಹಾಕಿದ್ದಾನಮ್ಮ.”

“ಹುಷಾರಿಲ್ವಾ?”

“ಚೆನ್ನಾಗೇ ಇದ್ದ. ಬೆಳಿಗ್ಗೆ ಅರ್ಜಿ ಕೊಟ್ಟು ಹೋದ. ಅವರಪ್ಪ ಹೋದಾಗ ಬಿಟ್ರೆ ಇಷ್ಟು ವರ್ಷದಲ್ಲಿ ಒಂದು ದಿನ ರಜೆ ಹಾಕಿದೋನಲ್ಲ, ನಮಗೂ ಆಶ್ಚರ್ಯ. ನೀವು ಯಾರು?”

ಹಿಂದಿನಿಂದ ಯಾರೋ, “ಬೇಗ ಆಗ್ಲಿ, ಬಿಸಿಲು” ಎಂದರು. “ಯಾರೂ ಅಲ್ಲ, ಅಕ್ಕ” ಎಂದೆ. ಅವನು ನನ್ನನ್ನು ಒಂದು ಗಳಿಗೆ ನೋಡಿ ಟಿಕೆಟ್ ಕೊಟ್ಟ.

ಒಳಗೆ ಹೋದೆ. ನೋಡುವಂಥದ್ದೇನೂ ಇರಲಿಲ್ಲ, ಅಥವಾ ನನಗೆ ಕಾಣಲಿಲ್ಲ. ನೀರು, ಹಕ್ಕಿಗಳು, ನೀರನ್ನು ನೋಡುತ್ತಿದ್ದ ಜನ. ಮಧ್ಯಾಹ್ನ ಮೂರರವರೆಗೆ ಅವರ ನಡುವೆ ಕೂತಿದ್ದು ಬಂದೆ.

ಮುಂದಿನ ಭಾನುವಾರ ಮತ್ತೆ ಬರುತ್ತೇನೆ. ಅದರ ಮುಂದಿನ ಭಾನುವಾರವೂ. ಹನ್ನೊಂದು ಗಂಟೆಗೆ, ಅದೇ ಸಾಲಿನಲ್ಲಿ. ಇಷ್ಟು ವರ್ಷ ಕೂಡಿಟ್ಟದ್ದರಲ್ಲಿ ನಿನಗೆ ಇನ್ನೂ ಎಷ್ಟು ದಿನ ರಜೆ ಉಳಿದಿದೆಯೋ ನೋಡೋಣ.

ಅಕ್ಕ